ಅಪ್ಪನ ಕಿವಿಗೆ ಒಗ್ಗುವ ಕಂಪ್ಯೂಟರ್

ನಮ್ಮಪ್ಪ ಪ್ರಾಯದ ಕಾಲವೆಲ್ಲ ಲಾರಿ ಓಡಿಸಿದವನು. ನಂಜನಗೂಡಿನಿಂದ ಬಾಳೆಗೊನೆ, ನರಸೀಪುರದಿಂದ ಭತ್ತ, ಸಿಕ್ಕಿದ ಲೋಡು. ಇಂಜಿನ್ನಿನ ಮಗ್ಗುಲಲ್ಲೇ ಕೂತೂ ಕೂತೂ ಅವನ ಕಿವಿ ಮಂದವಾಗಿತ್ತು. ಕೊನೆಗೊಮ್ಮೆ ಮೈಸೂರಿಗೆ ಕರೆದುಕೊಂಡು ಹೋಗಿ ಕಿವಿಗೆ ಮಿಷನ್ ಹಾಕಿಸಿದೆವು. ನಮ್ಮೂರು ಕವಲಂದೆಗೆ ಬಸ್ಸಿನಲ್ಲಿ ವಾಪಸ್ಸು ಬರುವಾಗ ಯಾರೋ ಕಡಲೆಕಾಯಿ ಸುಲಿಯುವ ಸದ್ದಿಗೂ ಅವನು ತಿರುಗಿ ತಿರುಗಿ ನೋಡುತ್ತಿದ್ದ.

ಅದೇ ದಿನಗಳಲ್ಲಿ ನಾನು ಗೇಮ್ ಆಡುವುದಕ್ಕೆಂದೇ ಒಂದು ಕಂಪ್ಯೂಟರ್ ಜೋಡಿಸಿಕೊಳ್ಳಬೇಕೆಂದು ಪಟ್ಟು ಹಿಡಿದಿದ್ದೆ. ನನಗಾಗ ಮೂವತ್ತು ದಾಟಿತ್ತು. ನಂಜನಗೂಡಿನ ಗೊಬ್ಬರದಂಗಡಿಯೊಂದರಲ್ಲಿ ಬಿಲ್ಲು ಹಾಕುವ ಕೆಲಸ. ಕಾಲೇಜಿನ ಕಾಲದಲ್ಲಿ ಸೈಬರ್ ಸೆಂಟರಿಗೆ ಹೋಗಿ ಆಡುತ್ತಿದ್ದ ಗಾಡಿ ಓಡಿಸುವ ಗೇಮುಗಳ ಹುಚ್ಚು ಇನ್ನೂ ಬಿಟ್ಟಿರಲಿಲ್ಲ.

"ಮದ್ವೆ ವಯಸ್ಸು ಮೀರ್ತಾ ಅದೆ, ಇವ್ಳಿಗೆ ಆಟದ ಸಾಮಾನು ಬೇಕಂತೆ" ಎಂದಳು ಅವ್ವ. ನಾನು ಜಗಳಕ್ಕೆ ಹೋಗಲಿಲ್ಲ. ಉಳಿಸಿದ ದುಡ್ಡು ನನ್ನದು, ಆಸೆಯೂ ನನ್ನದು.

ಜಾಗದ್ದೇ ತಾಪತ್ರಯ. ನಮ್ಮ ಮನೆಯಲ್ಲಿರುವುದು ಒಂದೇ ಹಾಲ್. ಅಪ್ಪನ ಮಂಚವೂ ಅಲ್ಲೇ, ಟಿವಿಯೂ ಅಲ್ಲೇ. ಟಿವಿ ಸ್ಟ್ಯಾಂಡಿನ ಕೆಳಗಿನ ಖಾನೆಯೊಂದು ಖಾಲಿಯಿತ್ತು. ಅದಕ್ಕೆ ಹಿಂದೆ ಹಲಗೆಯಿರಲಿಲ್ಲವಾದ್ದರಿಂದ ಗಾಳಿಯಾಡುತ್ತಿತ್ತು. ಗೊಬ್ಬರದ ಚೀಲದ ದಾರದಲ್ಲಿ ಆ ಖಾನೆಯ ಅಳತೆ ತೆಗೆದುಕೊಂಡು ನಂಜನಗೂಡಿನ ಕಂಪ್ಯೂಟರ್ ಅಂಗಡಿಗೆ ಹೋದೆ.

"ಯಾರಿಗೆ ಮೇಡಂ, ತಮ್ಮಂಗಾ?" ಎಂದು ಅಂಗಡಿಯವನು ಕೇಳಿದ.

"ನನಗೇ."

ಅವನು ಬಣ್ಣಬಣ್ಣದ ದೀಪಗಳಿದ್ದ, ನನ್ನ ಸೊಂಟದೆತ್ತರದ ಗಾಜಿನ ಕ್ಯಾಬಿನೆಟ್ ತೋರಿಸಿದ. ನಾನು ದಾರ ಹಿಡಿದು ತೋರಿಸಿದೆ. "ಲೈಟು ಬೇಡ. ಇಷ್ಟರೊಳಗೆ ಕೂರೋದು ಕೊಡಿ."

"ಚಿಕ್ಕದ್ರಲ್ಲಿ ಬಿಸಿ ಜಾಸ್ತಿ ಮೇಡಂ. ಬಿಸಿಯಾದ್ರೆ ಫ್ಯಾನು ಕೂಗ್ತದೆ, ಆಮೇಲೆ ನಮ್ಮುನ್ನ ಬೈತೀರಿ."

ಅವನ ಮಾತು ಸುಳ್ಳಲ್ಲವೆಂದು ನಾನೂ ಓದಿಕೊಂಡಿದ್ದೆ. ಅದಕ್ಕೇ ಚಿಕ್ಕ ಕ್ಯಾಬಿನೆಟ್ಟಿನ ಜೊತೆಗೆ ದುಬಾರಿ ಪ್ರೊಸೆಸರ್ ಬಿಟ್ಟು, ಕಡಿಮೆ ಕರೆಂಟು ಎಳೆಯುವ ಸಾಧಾರಣದ್ದನ್ನು ಆರಿಸಿದೆ. ಅಲ್ಲಿ ಉಳಿದ ದುಡ್ಡನ್ನು, ಕೆಲಸ ಕಡಿಮೆಯಿದ್ದಾಗ ಫ್ಯಾನನ್ನೇ ತಿರುಗಿಸದ ಒಳ್ಳೆಯ ಪವರ್ ಸಪ್ಲೈಗೆ ಹಾಕಿದೆ. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನು ಮಾತ್ರ ಹೊಸದು ಕೊಳ್ಳುವ ಶಕ್ತಿ ನನಗಿರಲಿಲ್ಲ. ನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ ಗೇಮಿಂಗ್ ಸೆಂಟರ್ ನಡೆಸುತ್ತಿದ್ದ ಹೆಂಗಸೊಬ್ಬರು ಅದನ್ನು ಮುಚ್ಚುವವರಿದ್ದರು. ಅವರ ಹತ್ತಿರ ಒಂದೇ ಫ್ಯಾನಿನ ಗಿಡ್ಡ ಕಾರ್ಡೊಂದನ್ನು ಕೊಂಡೆ. ಅಲ್ಲೇ ಹಾಕಿ ತೋರಿಸಿದರು, ಚೆನ್ನಾಗಿ ಓಡಿತು. ಸುತ್ತಲಿನ ಕಂಪ್ಯೂಟರುಗಳೆಲ್ಲ ಓಡುತ್ತಿದ್ದವು, ಹೊರಗೆ ಬಸ್ಸುಗಳ ಹಾರನ್ನು. ಕಾರ್ಡಿನ ಸದ್ದು ಎಷ್ಟೆಂದು ಗೊತ್ತಾಗುವಂತಿರಲಿಲ್ಲ.

ಗೊತ್ತಾದದ್ದು ಮನೆಯಲ್ಲಿ. ಭಾನುವಾರ ಎಲ್ಲವನ್ನೂ ನಾನೇ ಜೋಡಿಸಿ, ಸಂಜೆ ಟಿವಿಗೆ ತಂತಿ ಸಿಕ್ಕಿಸಿ ಲಾರಿ ಓಡಿಸುವ ಗೇಮ್ ಹಾಕಿದೆ. ಲಾರಿ ಊರು ದಾಟುವಷ್ಟರಲ್ಲಿ ಖಾನೆಯೊಳಗಿಂದ ಕೀಚಲು ಸದ್ದು ಎದ್ದಿತು. ತಿರುಗಿ ನೋಡಿದರೆ ಅಪ್ಪ ಕಿವಿಯ ಮಿಷನ್ ತೆಗೆದು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ.

"ನೀ ಆಡವ್ವ, ನಂಗೇನಿಲ್ಲ. ಇದಿದ್ರೆ ಕಿವೀಲಿ ರೈಸ್ ಮಿಲ್ ಓಡ್ದಂಗಾಯ್ತದೆ, ಅಷ್ಟೆಯ."

ಅವನ ಮಾತಿನಲ್ಲಿ ದೂರೇನೂ ಇರಲಿಲ್ಲ. ಅದೇ ನನ್ನನ್ನು ಚುಚ್ಚಿತು. ನಮಗೆ ಸಣ್ಣದೆನಿಸುವ ಸದ್ದನ್ನೂ ಆ ಮಿಷನ್ ಅವನಿಗೆ ದೊಡ್ಡದು ಮಾಡಿ ಕೊಡುತ್ತಿತ್ತು. ನಾನು ಹೆಡ್‌ಫೋನ್ ಹಾಕಿಕೊಂಡರೂ ಪ್ರಯೋಜನವಿರಲಿಲ್ಲ. ಕೂಗುತ್ತಿದ್ದುದು ಗೇಮ್ ಅಲ್ಲ, ಪೆಟ್ಟಿಗೆ. "ಮಾರ್‌ಬುಡು ಅದ್ನ" ಎಂದಳು ಅವ್ವ. ಮಾರುವ ಮಾತೇ ಇಲ್ಲ, ಅಪ್ಪ ಮಿಷನ್ ತೆಗೆಯುವ ಹಾಗೂ ಇಲ್ಲ ಎಂದುಕೊಂಡೆ.

ಆಮೇಲೆ ಕೆಲಸಕ್ಕೆ ಹೋಗಿಬರುವ ಬಸ್ಸಿನಲ್ಲೆಲ್ಲ ಫೋನಿನಲ್ಲಿ ಅದೇ ಓದು. ಕಾರ್ಡು ಎಳೆಯುವ ಕರೆಂಟನ್ನು ಇಳಿಸಿದೆ, ಚಿತ್ರದ ಮೆರುಗು ತಗ್ಗಿಸಿದೆ, ಫ್ಯಾನು ನಿಧಾನಕ್ಕೆ ಏರುವಂತೆ ಮಾಡಿದೆ. ಅಬ್ಬರ ಇಳಿಯಿತು, ಸಿಳ್ಳೆಯಂಥ ಎಳೆಯೊಂದು ಮಾತ್ರ ಉಳಿದೇ ಉಳಿಯಿತು. ಆ ಪುಟ್ಟ ಫ್ಯಾನಿನ ಗುಣವೇ ಅದು. ನನ್ನ ಕಿವಿ ನಂಬಿ ಇನ್ನೊಂದು ಕಾರ್ಡು ತಂದರೂ ಇದೇ ಗತಿ ಎನಿಸಿತು. ರಜೆ ಹಾಕಿ, ಅಪ್ಪನನ್ನೇ ಹೊರಡಿಸಿಕೊಂಡು ನರಸೀಪುರಕ್ಕೆ ಹೋದೆ.

ಸೆಂಟರಿನ ಹೆಂಗಸು ವಿಷಯ ಕೇಳಿ ಮೊದಲು ನಕ್ಕರು. ಆಮೇಲೆ ಅಪ್ಪನ ಕಿವಿಯ ಮಿಷನ್ ನೋಡಿ, ಬೇರೆ ಕಂಪ್ಯೂಟರುಗಳನ್ನೆಲ್ಲ ಆಫ್ ಮಾಡಿ ಷಟರ್ ಅರ್ಧ ಎಳೆದರು. ಅಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತ. ಒಂದೊಂದೇ ಕಾರ್ಡು ಹಾಕಿ, ಗೇಮ್ ಓಡಿಸಿ, ಬಿಸಿಯೇರುವವರೆಗೂ ಕಾದೆವು.

"ಇದು?" ಎಂದು ಅವನ ತೋಳು ಮುಟ್ಟಿ ಕೇಳಿದೆ.

"ಸೀಟಿ ಒಡೀತದೆ."

ಇನ್ನೊಂದು ಹಾಕಿದೆವು.

"ಇದು ಗರಗರ ಅಂತದೆ. ಬೇರಿಂಗ್ ಓಗ್ಬುಟ್ಟದೆ."

ಎರಡು ಅಗಲ ಫ್ಯಾನುಗಳಿದ್ದ ಹಳೆಯ ಕಾರ್ಡೊಂದನ್ನು ಹಾಕಿದಾಗ ಅಪ್ಪ ಬಹಳ ಹೊತ್ತು ಸುಮ್ಮನಿದ್ದ. ಶುರುವಾಗಿಲ್ಲವೆಂದು ತಿಳಿದಿದ್ದಾನೇನೋ ಅಂದುಕೊಂಡೆ. "ಆಗ್ಲಿಂದ ಓಡ್ತಾ ಅದಲ್ವ? ಗದ್ದೆ ಬದೀಲಿ ಗಾಳಿ ಬೀಸ್ದಂಗದೆ. ಇದಾದ್ರೆ ಇರ್ಲಿ" ಎಂದ.

"ಮೊದಲಿನದಕ್ಕಿಂತ ಇದು ಸ್ಲೋ ಕಣಮ್ಮ, ಯೋಚ್ನೆ ಮಾಡು" ಎಂದರು ಆ ಹೆಂಗಸು.

"ಇರ್ಲಿ ಅಕ್ಕ. ಇದೇ ಕೊಡಿ."

ಗಿಡ್ಡ ಕಾರ್ಡನ್ನು ವಾಪಸ್ಸು ತೆಗೆದುಕೊಂಡು ಅದನ್ನು ಕೊಟ್ಟರು. ಮನೆಗೆ ತಂದು ನೋಡಿದರೆ ಪೆಟ್ಟಿಗೆಯೊಳಗೆ ಹಿಡಿಯಲೊಲ್ಲದು. ಕಾರ್ಡಿನ ಉದ್ದಕ್ಕೆ ಅಡ್ಡವಾಗಿದ್ದ ಕ್ಯಾಬಿನೆಟ್ಟಿನ ಮುಂದಿನ ಫ್ಯಾನು ಕಳಚಿ, ಅದನ್ನು ಮೇಲುಗಡೆಯ ಜಾಲರಿಗೆ ತಿರುಪು ಹಾಕಿ ಕೂರಿಸಿದೆ. ಆಮೇಲೆ ಕಾರ್ಡು ಓರೆಯಾಗಿ ಒಳಗೆ ಜಾರಿ, ತನ್ನ ಜಾಗದಲ್ಲಿ ಟಕ್ಕೆಂದು ಕೂತಿತು.

ಮಾರನೆಯ ಸಂಜೆ ಗೇಮ್ ಹಾಕಿದೆ. ನೆರಳುಗಳು ಅಷ್ಟೇನೂ ನುಣುಪಾಗಿರಲಿಲ್ಲ, ದೂರದ ಮರಗಳು ತಡವಾಗಿ ಮೂಡುತ್ತಿದ್ದವು. ರಸ್ತೆ ಮಾತ್ರ ಎಲ್ಲೂ ತಡವರಿಸಲಿಲ್ಲ. ಅಪ್ಪ ಮಂಚದ ಮೇಲೆ ಕೂತು, ಕಿವಿಯಲ್ಲಿ ಮಿಷನ್ ಇಟ್ಟುಕೊಂಡೇ ನೋಡುತ್ತಿದ್ದ. ಸ್ಪೀಕರಿನಿಂದ ಲಾರಿಯ ಇಂಜಿನ್ ಸದ್ದು ಬರುತ್ತಿತ್ತು. ಏರಿನಲ್ಲಿ ಅವನ ಎಡಗೈ ತಾನಾಗಿ ಗೇರು ಹಿಡಿಯುವಂತೆ ಅಲ್ಲಾಡಿತು.

"ಮೂರಕ್ಕೆ ಆಕವ್ವ, ಇಂಜಿನ್ನು ಅಳ್ತಾ ಅದೆ."

ಹಾಕಿದೆ. ಮುಂದೊಂದು ಊರು ಬಂತು, ಬಲಕ್ಕೆ ತಿರುಗಿಸಿದೆ.

"ಏನವ್ವ, ಇಂಡಿಕೇಟರ್ ಆಕ್ದೆ ತಿರುಗುಸ್ಬುಟ್ಟೆ?"

"ಟಿವೀಲಿ ಅಷ್ಟು ಸಣ್ಣ ದೀಪ ನಿನಗೆ ಕಾಣ್ತದಾ ಅಪ್ಪ?"

"ಕಾಣೋದೇನು ಬಂತು? ಟಿಕ್ ಟಿಕ್ ಅನ್ನಲೇ ಇಲ್ವಲ್ಲ!"

ನಾನು ಲಾರಿಯನ್ನು ಹಿಂದಕ್ಕೆ ತೆಗೆದು, ಇಂಡಿಕೇಟರ್ ಹಾಕಿ, ಮತ್ತೆ ತಿರುಗಿಸಿದೆ.