ಅಪ್ಪನ ಕೈಬರಹ

ನಿನ್ನೆ ಜಮಖಂಡಿಯ ಬ್ಯಾಂಕಿನಲ್ಲಿ ಪಕ್ಕದಲ್ಲಿ ನಿಂತಿದ್ದ ನನ್ನದೇ ವಯಸ್ಸಿನ ಅಜ್ಜಿಯೊಬ್ಬರು ಸಹಿ ಮಾಡಿದರು. ಕೊನೆಯ ಅಕ್ಷರದ ಬಾಲವನ್ನು ಮೇಲಕ್ಕೆ ಎಳೆದದ್ದು ಥೇಟ್ ನನ್ನ ಅಪ್ಪನಂತೆ.

ಬನಹಟ್ಟಿಯಲ್ಲಿ ಮಾಸ್ತರರಾಗಿದ್ದ ಅಪ್ಪ ಚುನಾವಣೆಯಲ್ಲಿ ಗೆದ್ದು ಆಗ ನಮ್ಮ ಭಾಗ ಸೇರಿದ್ದ ಮುಂಬಯಿ ರಾಜ್ಯದ ವಿಧಾನಸಭೆಗೆ ಹೋದಾಗ ನಾನಿನ್ನೂ ಪಾಟಿ-ಬಳಪ ಹಿಡಿದಿದ್ದೆ. ಊರಿಗೆ ಬಂದರೂ ಗಂಜಿ ಹಾಕಿದ ಖಾದಿ ಅಂಗಿಯಲ್ಲೇ ನೇಕಾರರ ಓಣಿಯಲ್ಲಿ ನೆಲಕ್ಕೆ ಕೂತು, ಅಲ್ಲಿಯ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸುತ್ತಿದ್ದರು. ನನಗೆ ಬರುತ್ತಿದ್ದ ಅಕ್ಷರವನ್ನೇ ಬೇಕೆಂದೇ ತಪ್ಪಾಗಿ ಬರೆದು, "ನನಗೂ ಬರೂದಿಲ್ಲಪ್ಪಾ" ಎನ್ನುತ್ತಿದ್ದೆ.

"ಖೋಡಿ! ನಿನಗ ನಿಮ್ಮವ್ವ ಕಲಿಸ್ಯಾಳಲ್ಲ. ಇವರಿಗೆ ಯಾರ ಅದಾರ?" ಎಂದು ನಕ್ಕು ಅವರತ್ತಲೇ ತಿರುಗುತ್ತಿದ್ದರು.

"ನಿಮಗ ಬರಿಯೋದು ಯಾರು ಕಲಿಸಿದ್ರಿ?" ಎಂದು ಬ್ಯಾಂಕಿನಲ್ಲಿ ಆ ಅಜ್ಜಿಯನ್ನು ಕೇಳಿದೆ.

"ಬನಹಟ್ಟ್ಯಾಗ ನಮ್ಮ ಮಾಸ್ತರರೀ. ಕೈ ಹಿಡದು ಕಲಿಸ್ಯಾರ."

ನನ್ನ ಸಹಿ ಅವ್ವನದರಂತೆ ದುಂಡಗಿದೆ. ಅದರ ಮೇಲೆ ಅಂಗೈ ಇಟ್ಟು ಮುಚ್ಚಿಕೊಂಡೆ.