ಹೆರಿಗೆಯ ಪಿಶವಿ

ನನಗೆ ಗಂಟು ಕಟ್ಟಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿಗೆ ಒಂದು ಮದುವೆಗೆ ಹೊರಟಾಗ ರೇಷ್ಮೆ ಸೀರೆ, ಬೋರಮಾಳ, ಮುಯ್ಯಿಯ ತಂಬಿಗೆ ಎಲ್ಲವನ್ನೂ ಇಟ್ಟುಕೊಂಡು ಜಂಪರನ್ನು ಮಾತ್ರ ಮನೆಯ ಗೂಟಕ್ಕೆ ಬಿಟ್ಟುಹೋದವಳು ನಾನು. ಅಂದು ಇಡೀ ಮದುವೆಯನ್ನು ಮೈತುಂಬ ಸೆರಗು ಹೊದ್ದು ಮುಗಿಸಿದೆ. ಮಾಗಿಯ ಚಳಿ ಅಂತ ಹೇಳಿಕೊಳ್ಳೋಣವೆಂದರೆ ಅದು ಬ್ಯಾಸಗಿ. ನನ್ನ ಗಂಡ ಸಾಲಿ ಮಾಸ್ತರರು. ತಪ್ಪು ಹಿಡಿಯುವುದು ಅವರ ಕಸುಬು. "ಬೇಕಾದ್ದೊಂದು ಇರಲಿಲ್ಲಂದ್ರ ಅದು ನಿನ್ನ ಗಂಟ ಅಂತ ಕಣ್ಣು ಮುಚ್ಚಿ ಗುರ್ತು ಹಿಡೀಬಹುದು ನೋಡು" ಅನ್ನುತ್ತಾರೆ. ನಾನು ಜಗಳಕ್ಕೆ ಹೋಗುವುದಿಲ್ಲ. ಈ ವಿದ್ಯೆ ತವರಿನಿಂದ ಬಂದ ಬಳುವಳಿ ಎಂದು ಅವರಿಗೂ ಗೊತ್ತು.

ನಮ್ಮ ಸೀಮೆಯಲ್ಲಿ ಗಂಟು ಎಂದರೆ ಮೊದಲು ಬುತ್ತಿ. ಇಂಡಿಯಿಂದ ಸಿಂದಗಿಗೆ ಹೋಗಿ ಸಂಜೆಗೆ ತಿರುಗಿ ಬರುವವರೂ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ ಕಟ್ಟಿಕೊಳ್ಳದೆ ಹೊಸ್ತಿಲು ದಾಟುವುದಿಲ್ಲ. ಹೋಗುವ ಮನೆಯಲ್ಲಿ ಹೋಳಿಗೆಗೆ ಕಣಕ ನಾದಿ ಇಟ್ಟಿರುತ್ತಾರೆ ಅಂತ ಗೊತ್ತಿದ್ದರೂ ಬುತ್ತಿ ಬೇಕೇ ಬೇಕು. ಮಗ್ಗುಲಲ್ಲಿ ರೊಟ್ಟಿಯ ಗಂಟು ಇದ್ದರೆ ಎದೆಗೆ ಏನೋ ಒಂದು ಧೈರ್ಯ. ಹೀಗಾಗಿ ಪ್ರಯಾಣಕ್ಕೆ ಏನೇನು ಬೇಕೆಂದು ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೆರಿಗೆಗೆ ಹೊರಡುವ ಗಂಟಿನ ಮಾತು ಮಾತ್ರ ಬೇರೆ. ಹೋಗುವಾಗ ಒಬ್ಬಳು, ದೇವರ ದಯ ಇದ್ದರೆ ಬರುವಾಗ ಇಬ್ಬರು. ಆ ಇನ್ನೊಬ್ಬರ ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ, ಗಂಡೋ ಹೆಣ್ಣೋ ಅದೂ ಗೊತ್ತಿಲ್ಲ. ಗುರುತಿಲ್ಲದವರಿಗಾಗಿ ಅರಿವೆ ಮಡಚಿ ಇಡಬೇಕು.

ಗೋಕುಲಾಷ್ಟಮಿಗೆ ಪುರಾಣ ಹೇಳುವ ಆಚಾರ್ಯರು ಸೆರೆಮನೆಯ ಬೀಗ ಕಳಚಿದ್ದನ್ನು, ಹೊಳೆ ದಾರಿ ಬಿಟ್ಟದ್ದನ್ನು, ಹಾವು ಹೆಡೆ ಹಿಡಿದದ್ದನ್ನು ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತಾರೆ. ಆದರೆ ಆ ಕೂಸನ್ನು ಬುಟ್ಟಿಯಲ್ಲಿ ಮಲಗಿಸುವಾಗ ಯಾವ ಅರಿವೆಯಲ್ಲಿ ಸುತ್ತಿದ್ದರು ಅಂತ ಒಬ್ಬರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಜಡಿಮಳೆ, ಹಸಿ ಕೂಸು, ಅವಸರದಲ್ಲಿರುವ ತಂದೆ. ಏನನ್ನಾದರೂ ಸುತ್ತಿರಲೇಬೇಕಲ್ಲ? ಪುರಾಣ ಹೇಳುವವರು ಗಂಡಸರು. ಅವರಿಗೆ ಹಾವಿನ ಹೆಡೆ ಕಾಣುತ್ತದೆ, ಕೂಸಿನ ಅರಿವೆ ಕಾಣುವುದಿಲ್ಲ. ನನ್ನ ಮಟ್ಟಿಗೆ ಉತ್ತರ ಸಿಕ್ಕಿದೆ. ಸಿಕ್ಕಿದ್ದು ಹೇಗೆಂದು ಹೇಳುತ್ತೇನೆ.

ಆಗಿನ್ನೂ ನಾವು ಮುಂಬಯಿ ರಾಜ್ಯದಲ್ಲಿದ್ದೆವು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದೆ. ನನ್ನ ತವರು ಲಚ್ಯಾಣದ ಹತ್ತಿರ ಒಂದು ಸಣ್ಣ ಹಳ್ಳಿ. ಬೆಳಕು ಹರಿಯುವಾಗ ಗಾಡಿ ಹೂಡಿದರೆ ಬಿಸಿಲೇರುವ ಹೊತ್ತಿಗೆ ಇಂಡಿ. ನಮ್ಮೂರಿನ ಹೆಂಗಸರೆಲ್ಲ ಮನೆಯಲ್ಲೇ ಹಡೆದವರು. ನನ್ನನ್ನು ದವಾಖಾನೆಗೆ ಕರೆದೊಯ್ಯಬೇಕು ಎಂದು ಹಟ ಹಿಡಿದವಳು ನನ್ನ ಅವ್ವ. ಅದಕ್ಕೆ ಕಾರಣವಿತ್ತು. ನನಗಿಂತ ಮೊದಲು ಅವಳಿಗೆ ಎರಡು ಕೂಸು ಹುಟ್ಟಿದ್ದವು. ಎರಡೂ ಉಳಿಯಲಿಲ್ಲ.

ದವಾಖಾನೆಯ ನರ್ಸಬಾಯಿ ನನ್ನ ಹೊಟ್ಟೆ ಮುಟ್ಟಿ ನೋಡಿ, ಎಲ್ಲಾ ನೆಟ್ಟಗೈತಿ ಅಂದರು. ಆಮೇಲೆ ಅವ್ವನಿಗೆ, "ಒಂದು ಪಿಶವಿ ತಯಾರ ಮಾಡಿ ಇಟ್ಟಬಿಡ್ರಿ. ಹಡಿಯೋಳಿಗೆ ಎರಡು ಸೀರಿ. ಕೂಸಿಗೆ ಹಳೇವು, ಮೆತ್ತಾನ ಅರಿವಿ ಅಂಟವಾಳದಾಗ ಒಗೆದು ಒಣಗಿಸಿ ಇಡ್ರಿ. ಸಾಬಾಣ ಹಚ್ಚಬ್ಯಾಡ್ರಿ, ಕೂಸಿನ ಮೈ ಉರೀತೈತಿ" ಎಂದರು. ಪಿಶವಿ ಅಂದರೆ ಕೈಚೀಲ. ಅದರ ಮಾತಿಗೆ ಗೋಣು ಹಾಕಿದ ಅವ್ವ, ಕೂಸಿನ ಅರಿವೆ ಅಂದಕೂಡಲೇ ಮುಖ ಸಣ್ಣದು ಮಾಡಿದಳು.

ಮೊದಲನೆಯ ಕೂಸಿಗೆ ಅವ್ವ ತಾನೇ ಕೂತು ಖಣದ ಕುಂಚಿಗೆ ಹೊಲಿದಿದ್ದಳಂತೆ, ಅಂಚಿಗೆ ಸಣ್ಣ ಸಣ್ಣ ಕನ್ನಡಿ ಹಚ್ಚಿ. ಕೂಸು ಆ ಕುಂಚಿಗೆ ತೊಡಲಿಲ್ಲ. ಎರಡನೆಯದಕ್ಕೆ ಕೌದಿ ಹೊಲಿದಳು. ಅದು ತೊಟ್ಟಿಲಿಗೆ ಹಾಕುವ ದಿನದವರೆಗೂ ಇರಲಿಲ್ಲ. ಎರಡನ್ನೂ ಒಯ್ದು ಭೀಮಾ ಹೊಳೆಗೆ ಬಿಟ್ಟು ಬಂದಳು. ಮೂರನೆಯವಳು ನಾನು. ನನಗಾಗಿ ಒಂದು ದಾರ ಕೂಡ ಪೋಣಿಸಲಿಲ್ಲ. ಹುಟ್ಟಿದ ಮೇಲೆ ಎದುರು ಮನೆಯ ಚಾಂದಬಿ ಕಾಕಿಯ ಹತ್ತಿರ ಉಡಿಯೊಡ್ಡಿ ಬೇಡಿ, ಅವಳ ಮಕ್ಕಳು ತೊಟ್ಟುಬಿಟ್ಟ ಅರಿವೆಗಳನ್ನು ತಂದು ಸುತ್ತಿದರು. ಚಾಂದಬಿ ಕಾಕಿಯ ಮಕ್ಕಳು ಒಂದೂ ಕೈತಪ್ಪಿರಲಿಲ್ಲ. ತುಂಬಿದ ಮನೆಯ ಅರಿವೆ ತೊಟ್ಟರೆ ಕೂಸು ನಿಲ್ಲುತ್ತದೆ ಅಂತ ನಮ್ಮ ಕಡೆಯ ನಂಬಿಕೆ. ನಾನು ನಿಂತೆ.

ಮುಲ್ಕಿ ಪರೀಕ್ಷೆ ಪಾಸಾದ ಜಂಬ ನನಗೆ ಆಗ ಸ್ವಲ್ಪ ಇತ್ತು. ಅವ್ವನಿಗೆ ತಿಳಿಸಿ ಹೇಳೋಣವೆಂದು ಹೊರಟೆ. ಆದರೆ ಅವಳ ಮಾತಿಗೆ ಪುರಾವೆ ಅಂದರೆ ನಾನೇ. ಎದುರಿಗೆ ಕೂತು ಎರಡನೇ ರೊಟ್ಟಿಗೆ ಬೆಣ್ಣೆ ಹಚ್ಚಿಕೊಳ್ಳುತ್ತಿದ್ದ ಪುರಾವೆ. ಇನ್ನು ಏನಂತ ವಾದ ಮಾಡುವುದು?

ಚಾಂದಬಿ ಕಾಕಿಯೂ ಅವ್ವನೂ ಕೂಡಿ ಒಂದು ಹಂಚಿಕೆ ಹಾಕಿದರು. ಅರಿವೆಗಳೆಲ್ಲ ಕಾಕಿಯ ಟ್ರಂಕಿನಲ್ಲಿ ಇರಬೇಕು. ಅವು ಕಾಕಿಯವೇ, ನಮ್ಮವಲ್ಲ. ಕೂಸು ಹುಟ್ಟಿದ ಮೇಲೆ ನಮ್ಮವರು ಹೋಗಿ ಬೇಡಬೇಕು, ಕಾಕಿ ಕೊಡಬೇಕು. ಮೊದಲೇ ಕೊಟ್ಟರೆ ಗಂಟು ಕಟ್ಟಿದ ಹಾಗೆ ಆಗುತ್ತದೆ. ಹೆದರಿಕೆಗೂ ಚ್ಯುತಿಯಿಲ್ಲ, ನರ್ಸಬಾಯಿಗೂ ಎದುರಾಡಿದಂತಲ್ಲ. ಇಬ್ಬರಿಗೂ ಬಹಳ ಸಮಾಧಾನವಾಯಿತು, ಮೇಲೆ ಚಹಾ ಕುಡಿದರು.

ಕೂಸಿನ ಜಾಗ ಖಾಲಿ ಉಳಿಯಿತಲ್ಲ, ಅದನ್ನು ತುಂಬಲು ಅವ್ವ ಪಿಶವಿಗೆ ಏನೇನು ಹಾಕಿದಳು ಅನ್ನುತ್ತೀರಿ! ಅಂಟಿನ ಉಂಡಿ, ಖಾರೀಕು, ಕೊಬ್ಬರಿ ಬಟ್ಟಲು, ಅಜವಾನ, ಬೆಳ್ಳುಳ್ಳಿ, ತುಪ್ಪದ ಗಿಂಡಿ. ಲಚ್ಯಾಣದ ಮಠದ ವಿಭೂತಿ. ತಲೆದಿಂಬಿನ ಕೆಳಗೆ ಇಡಲು ಕಬ್ಬಿಣದ ಅಡಕೊತ್ತು. ಪೇಟೆಯ ದವಾಖಾನೆಯಲ್ಲಿ ಮಗಳ ಮರ್ಯಾದೆ ಹೋಗಬಾರದೆಂದು ಎರಡೂ ಸೀರೆ ಹೊಸವು, ಗಡಿಗೆಯ ಹಾಗೆ ಬಡಿದರೆ ಸದ್ದಾಗುವಷ್ಟು ಗಂಜಿ ಇದ್ದ ಇಳಕಲ್ ಸೀರೆಗಳು. ಬಾಣಂತಿಗೆ ಕಾಸಲು ಇರಲಿ ಅಂತ ಕುಳ್ಳು ಬೇರೆ ಕಟ್ಟಿದಳು. ಪಿಶವಿ ಒಂದಿದ್ದದ್ದು ಎರಡಾಯಿತು, ಜೊತೆಗೊಂದು ಗೋಣಿಚೀಲ.

"ದವಾಖಾನಿಗೆ ಹೊಂಟೀರೋ, ಹೊಲಕ್ಕ ವಸ್ತಿ ಹೊಂಟೀರೋ?" ಎಂದು ಅಪ್ಪ ಕೇಳಿದ. ಅವ್ವ ಗೋಣಿಚೀಲದ ಬಾಯಿ ಬಿಗಿದಳು.

ಅಪ್ಪನ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮಪ್ಪನನ್ನು ರುಮಾಲಿಲ್ಲದೆ ಊರಿನವರು ಕಂಡವರಲ್ಲ. ಮುಂಜಾನೆ ಜಳಕ ಮಾಡಿ ತಲೆಗೆ ಸುತ್ತಿದರೆ ಮಲಗುವಾಗಲೇ ಬಿಚ್ಚುವುದು. ನಮ್ಮ ಕಡೆ ಗಂಡಸು ಬರಿದಲೆಯಲ್ಲಿ ಬೀದಿಗೆ ಬಂದನೆಂದರೆ ಮನೆಯಲ್ಲಿ ಸಾವಾಗಿದೆ ಎಂದೇ ಅರ್ಥ. ಅಪ್ಪ ಬರಿದಲೆಯಲ್ಲಿ ಹೊರಗೆ ಬಂದದ್ದನ್ನು ನಾನು ನೋಡಿದ್ದು ಅಜ್ಜ ತೀರಿಕೊಂಡ ದಿನ ಮಾತ್ರ.

ಒಂದು ಮುಂಜಾನೆ ಬ್ಯಾನಿ ಸುರುವಾದವು. ಅಪ್ಪ ಗಾಡಿ ಹೂಡಿದ. ಪಿಶವಿ, ಗೋಣಿಚೀಲ ಎಲ್ಲ ಹೇರಿ ಉಳಿದ ಜಾಗದಲ್ಲಿ ನನ್ನನ್ನು ಕೂಡಿಸಿದರು. ಚಾಂದಬಿ ಕಾಕಿ ಬಾಗಿಲಲ್ಲಿ ನಿಂತು ನೆಟಿಗೆ ಮುರಿದು, "ಅರಾಮ ಹೋಗಿ ಬಾರವ್ವಾ" ಎಂದಳು. ಬೇಕಾದ ಅರಿವೆ ಅವಳ ಬೆನ್ನ ಹಿಂದಿನ ಟ್ರಂಕಿನಲ್ಲಿತ್ತು. ಯಾರಿಗೂ ಏನೂ ಅನಿಸಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ನನ್ನ ಮಗಳು ಹುಟ್ಟಿದಳು. ಅತ್ತಳು. ಆ ದನಿ ಕೇಳಿ ಅವ್ವ ಗೋಡೆ ಹಿಡಿದು ಕೂತುಬಿಟ್ಟಳು. ನರ್ಸಬಾಯಿ ಕೈ ಚಾಚಿ, "ಅರಿವಿ ಕೊಡ್ರಿ" ಎಂದರು.

ಆಗ ಅವ್ವನಿಗೆ ಬೆಳಕಾಯಿತು. ಮನೆಯಲ್ಲಿ ಹಡೆದಿದ್ದರೆ ಓಣಿ ದಾಟಿ, ಬೇಡಿ, ಕೂಸು ಅಳು ನಿಲ್ಲಿಸುವಷ್ಟರಲ್ಲಿ ತರಬಹುದಿತ್ತು. ಹಂಚಿಕೆ ಹಾಕುವಾಗ ಇಬ್ಬರ ತಲೆಯಲ್ಲೂ ಇದ್ದದ್ದು ಆ ಓಣಿಯೇ. ಕೂಸು ಹುಟ್ಟುವುದು ಇಂಡಿಯಲ್ಲಿ, ಟ್ರಂಕು ಇರುವುದು ನಮ್ಮೂರಲ್ಲಿ, ನಡುವೆ ಒಂದು ಹೊತ್ತಿನ ಎತ್ತಿನ ದಾರಿ ಅನ್ನುವುದು ಇಬ್ಬರಿಗೂ ಹೊಳೆದಿರಲಿಲ್ಲ. ಅವ್ವ ಗಾಬರಿಯಲ್ಲಿ ಪಿಶವಿ ಸುರುವಿದಳು. ಉಂಡಿ ಉರುಳಿದವು, ಅಡಕೊತ್ತು ಖಣಲ್ ಎಂದು ಬಿತ್ತು, ಕುಳ್ಳು ಚೂರಾದವು. ಇಳಕಲ್ ಸೀರೆಯನ್ನು ಎತ್ತಿ ಹಿಡಿದಳು.

"ಹಸಿ ಮೈಗೆ ಈ ಗಂಜಿ ಸೀರಿ ಸುತ್ತತೀರೇನು? ಮೈ ಕೆತ್ತಿ ಹೋಗತೈತಿ! ಇಷ್ಟೆಲ್ಲಾ ಹೊತ್ಕೊಂಡ ಬಂದೀರಿ, ಒಂದು ತುಂಡ ಹಳೇ ಅರಿವಿ ಇಲ್ಲೇನ್ರಿ?" ನರ್ಸಬಾಯಿಯ ದನಿ ಪಡಸಾಲೆಗೂ ಕೇಳಿಸಿತು. ಮಾಗಿಯ ಗಾಳಿ ಬೀಸುತ್ತಿತ್ತು. ಕೂಸಿನ ತುಟಿ ನಡುಗುವುದು ನನಗೆ ಮಲಗಿದಲ್ಲಿಂದಲೇ ಕಾಣುತ್ತಿತ್ತು. ಅವ್ವ "ನನ್ನ ಕೈಯಾರೆ ಮಾಡಿದ್ನಲ್ಲೋ ಶಿವನೇ" ಅಂತ ಅಳತೊಡಗಿದಳು.

ಆಗ ಬಾಗಿಲ ಪರದೆಯ ಸಂದಿಯಿಂದ ಒಂದು ಕೈ ಒಳಗೆ ಬಂತು. ಕೈಯಲ್ಲಿ ಅಪ್ಪನ ರುಮಾಲಿತ್ತು. ವರ್ಷಗಟ್ಟಲೆ ಒಗೆದು ಒಗೆದು ಹಾಲಿನ ಕೆನೆಯಷ್ಟು ಮೆತ್ತಗಾಗಿದ್ದ ಬಿಳಿ ರುಮಾಲು.

"ಅಯ್ಯಯ್ಯ, ಬ್ಯಾಡ್ರೀ! ಇಂಥಾ ಹೊತ್ತಿನ್ಯಾಗ ಬರಿದಲಿ ಆಗಬ್ಯಾಡ್ರೀ!" ಎಂದು ಅವ್ವ ಚೀರಿದಳು.

"ತಲಿ ನಂದು, ಮೊಮ್ಮಗಳೂ ನಂದು. ಸುಮ್ನ ತಗೋ" ಎಂದಿತು ಪರದೆಯ ಆಚೆಯ ದನಿ.

ಹರಿಯಲು ಹೊತ್ತಿರಲಿಲ್ಲ. ನರ್ಸಬಾಯಿ ಇಡೀ ರುಮಾಲನ್ನು ಸುತ್ತಿದರು, ಸುತ್ತಿಯೇ ಸುತ್ತಿದರು. ಕೊನೆಗೆ ಅಷ್ಟು ಅರಿವೆಯ ನಡುವೆ ಕೆಂಪಗೆ ಒಂದು ಮೂಗು ಉಳಿಯಿತು. ತುಟಿಯ ನಡುಕ ನಿಂತಿತು. ಹೊಳೆ ದಾಟಿದ ಆ ತಂದೆಯೂ ತಲೆಯ ಮೇಲಿನದನ್ನೇ ಬಿಚ್ಚಿ ಸುತ್ತಿರಬೇಕು ಅಂತ ಅವತ್ತಿನಿಂದ ನನ್ನ ನಂಬಿಕೆ. ಆಚಾರ್ಯರು ಒಪ್ಪದಿದ್ದರೆ ಬಿಡಲಿ.

ಮುಂದಿನ ಕತೆಯನ್ನು ಚಾಂದಬಿ ಕಾಕಿಯ ಬಾಯಿಂದಲೇ ಕೇಳಬೇಕು. ಅರಿವೆ ತರಲೆಂದು ಅಪ್ಪ ಆಗಲೇ ಗಾಡಿ ಹೊಡೆದುಕೊಂಡು ಹೊರಟ. ಸಂಭ್ರಮದಲ್ಲಿ ತನ್ನ ತಲೆಯ ಮೇಲೆ ಏನಿಲ್ಲ ಎನ್ನುವುದು ಅವನಿಗೆ ಮರೆತೇಹೋಗಿತ್ತು. ಹೊತ್ತು ಮುಳುಗುವ ಮೊದಲು ಊರೊಳಗೆ ಬಂದ: ಖಾಲಿ ಗಾಡಿ, ಬರಿದಲೆ. ಕಟ್ಟೆಯ ಮೇಲೆ ಕೂತವರು ಎದ್ದು ನಿಂತರು. ಯಾರೋ ಮಾತಾಡದೆ ಬಂದು ಎತ್ತಿನ ಹಗ್ಗ ಹಿಡಿದರು. ಹೆಂಗಸರು ಸೆರಗು ಬಾಯಿಗೊತ್ತಿ ಹೊರಗೆ ಬಂದರು. ಚಾಂದಬಿ ಕಾಕಿ ಎದೆ ಎದೆ ಬಡಿದುಕೊಂಡು, "ಯಾ ಅಲ್ಲಾ, ಹೋದ್ಲೇನೋ ಅಣ್ಣಾ ನನ್ನ ಮಗಳು!" ಎಂದು ಬೀದಿಯಲ್ಲೇ ಕೂತಳು. ಅಪ್ಪ ಬಾಯಿ ತೆರೆದಾಗೊಮ್ಮೆ ಅಳು ಜೋರಾಗುತ್ತಿತ್ತು. ಕೊನೆಗೆ ಗಾಡಿಯ ಮೇಲೆ ಎದ್ದು ನಿಂತು ಒದರಿದ: "ಹೆಣ್ಣು ಹುಟ್ಯಾಳರೋ! ತಾಯಿ ಮಗಳು ಇಬ್ಬರೂ ಅರಾಮ ಅದಾರ! ರುಮಾಲ ಮೊಮ್ಮಗಳು ಕಸಗೊಂಡ್ಳು!"

ಊರೆಲ್ಲ ನಕ್ಕಿತು. ಕಾಕಿ ಮಾತ್ರ ಕಣ್ಣೊರೆಸಿಕೊಂಡು ಅಪ್ಪನನ್ನು ತರಾಟೆಗೆ ತೆಗೆದುಕೊಂಡಳು: "ನಿನಗ ಬುದ್ಧಿ ಐತೇನೋ? ಎತ್ತಿನ ಝೂಲನಾದ್ರೂ ತಲಿ ಮ್ಯಾಲ ಹಾಕ್ಕೊಂಡ ಬರಬೇಕಿಲ್ಲೇನು?" ಒಳಗೆ ಹೋಗಿ ತನ್ನ ಗಂಡನ ರುಮಾಲು ತಂದು ಅಪ್ಪನ ಕೈಗೆ ಹಾಕಿದಳು. ಆಮೇಲೆ ಅರಿವೆಯ ಗಂಟನ್ನು ಎದೆಗವಚಿಕೊಂಡು ನಿಂತು, "ಬೇಡು" ಎಂದಳು. ಹೆಂಗಸಾದರೆ ಸೆರಗೊಡ್ಡಬೇಕು. ಅಪ್ಪ ಕಾಕಿಯ ಮನೆಯ ರುಮಾಲನ್ನೇ ಎರಡೂ ಕೈಯಲ್ಲಿ ಹರವಿ, "ನನ್ನ ಮೊಮ್ಮಗಳಿಗೆ ಅರಿವಿ ಕೊಡ ತಂಗಿ" ಎಂದು ಬೇಡಿದ. ಊರ ಪಂಚರಲ್ಲಿ ಒಬ್ಬನಾದ ಅಪ್ಪ ಯಾರ ಮುಂದೆಯೂ ಕೈ ಒಡ್ಡಿದವನಲ್ಲ. ಅವನ ಕಣ್ಣಲ್ಲಿ ನೀರಿತ್ತು ಎಂದು ಕಾಕಿ ಹೇಳುತ್ತಾಳೆ. ಅಪ್ಪ ಅದು ದಾರಿಯ ಧೂಳು ಅನ್ನುತ್ತಾನೆ.

ಎರಡನೆಯ ಹೆರಿಗೆಯ ಹೊತ್ತಿಗೆ ಮುಂಬಯಿ ಹೋಗಿ ಮೈಸೂರು ರಾಜ್ಯ ಬಂದಿತ್ತು, ನಮ್ಮೂರ ದಾರಿಗೆ ಮೋಟಾರೂ ಬಂದಿತ್ತು. ಅವ್ವ ಮಾತ್ರ ಇದ್ದ ಹಾಗೆಯೇ ಇದ್ದಳು. ಹೊರಡುವ ದಿನ ನಾನು ಪಿಶವಿಯ ತಳದವರೆಗೂ ಕೈ ಹಾಕಿ ನೋಡಿದೆ. ಉಂಡಿ ಇತ್ತು, ಖಾರೀಕು ಇತ್ತು, ಅಡಕೊತ್ತು ಇತ್ತು.

"ಅವ್ವಾ, ಈ ಸಲನೂ ಕೂಸಿನ ಅರಿವಿ ಇಲ್ಲಲ್ಲ?"

"ಹ್ವಾದ ಸಲ ಏನು ಕಡಿಮಿ ಆತು ನಿನ್ನ ಮಗಳಿಗೆ?" ಎಂದಳು. ಮತ್ತೆ ಪುರಾವೆ ಅಂಗಳದಲ್ಲಿ ಕುಂಟಲಿಪಿ ಆಡುತ್ತಿತ್ತು.

ಮೋಟಾರಿನಲ್ಲಿ ಅಪ್ಪ ನನ್ನ ಮಗ್ಗುಲಲ್ಲೇ ಕೂತ. ಸುಡುಬಿಸಿಲಿನ ದಿನ. ಅವನ ತಲೆ ಯಾಕೋ ಎಂದಿಗಿಂತ ದೊಡ್ಡದಾಗಿ ಕಂಡಿತು. ಬಗ್ಗಿ ನೋಡಿದರೆ ಮೇಲೆ ಹೊಸ ರುಮಾಲು, ಅದರ ಅಡಿಯಲ್ಲಿ ಇನ್ನೊಂದು. ನನ್ನ ಮಗಳನ್ನು ಸುತ್ತಿದ್ದ ಅದೇ ಹಳೆಯದು.

"ಏನಪ್ಪಾ ಇದು, ಈ ಬಿಸಿಲಾಗ ಎರಡೆರಡು?"

ಅಪ್ಪ ಮುಂದಿನ ಸೀಟಿನಲ್ಲಿದ್ದ ಅವ್ವನ ಕಡೆ ಕಣ್ಣು ಹಾಯಿಸಿ ಮೆಲ್ಲಗೆ, "ಸುಮ್ನ ಕುಂಡ್ರ ಯವ್ವಾ. ಗಂಟು ಕಟ್ಟಿದ್ರ ತಪ್ಪು. ಇದು ತಲಿಗೆ ಸುತ್ತಿದ್ದು. ನಿಮ್ಮವ್ವಗ ಹೇಳಬ್ಯಾಡ" ಎಂದ.

ನಾನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅಪ್ಪನ ರುಮಾಲುಗಳನ್ನು ಅವ್ವ ಯಾವಾಗಲೂ ಸಾಬಾಣ ಹಚ್ಚಿಯೇ ಒಗೆಯುವುದು. ಮೋಟಾರು ಕುಲುಕಿ ಅವನ ತಲೆ ನನ್ನ ಕಡೆ ವಾಲಿದಾಗ ಅಡಿಯ ರುಮಾಲಿನಿಂದ ಬಂದದ್ದು ಅಂಟವಾಳದ ವಾಸನೆ.