ಫೀಸಿನ ಬದಲು ಬ್ಲೌಸ್ ಪೀಸು

ನಮ್ಮ ಮನೆ ಓನರ್ ಮಗಳು ಆಕ್ಯುಪೇಷನಲ್ ಥೆರಪಿ ಓದಿ ಪಾಸಾದಳೆಂದು ಜರಗನಹಳ್ಳಿಯ ನಮ್ಮ ಬೀದಿಗೆಲ್ಲ ಮೈಸೂರು ಪಾಕ್ ಹಂಚಿದರು. ಡಬ್ಬಿ ಹಿಡಿದು ಎರಡನೇ ಮಹಡಿಯ ನಮ್ಮ ಮನೆಗೆ ಬಂದ ಹುಡುಗಿ, "ಆಂಟಿ, ಇನ್ಮೇಲೆ ನಾನೂ ನಿಮ್ ಥರಾನೇ," ಅಂದಳು. ನನಗೆ ಸಂತೋಷಕ್ಕಿಂತ ಸಂಕಟವೇ ಜಾಸ್ತಿಯಾಯಿತು. ನಾನು ಇದೇ ಕಸುಬಿನಲ್ಲಿ ತಲೆ ನರೆಸಿಕೊಂಡವಳು. ಸ್ಟ್ರೋಕ್ ಹೊಡೆದವರು ಮತ್ತೆ ತಾವೇ ಅಂಗಿ ಗುಂಡಿ ಹಾಕಿಕೊಳ್ಳುವಂತೆ, ಕೈ ಮುರಿದವರು ಮತ್ತೆ ತಾವೇ ಅನ್ನ ಕಲಸಿಕೊಳ್ಳುವಂತೆ ಮಾಡುವುದು ನಮ್ಮ ಕೆಲಸ. ಜೆ.ಪಿ. ನಗರದ ಒಂದು ಕೇಂದ್ರದಲ್ಲಿ ಅದನ್ನೇ ಮಾಡುತ್ತ ಇಷ್ಟು ವರ್ಷ ಕಳೆದರೂ ನನ್ನ ಸ್ವಂತ ಅತ್ತೆ ಇವತ್ತಿಗೂ ನೆಂಟರಿಗೆ, "ನಮ್ ಸೊಸೆ ಮಸಾಜ್ ಡಾಕ್ಟ್ರು," ಎಂದೇ ಹೇಳುತ್ತಾರೆ.

ಮೈಸೂರು ಪಾಕ್ ತಿಂದ ಋಣಕ್ಕೆ ಬುದ್ಧಿ ಹೇಳಲು ಕೂತೆ. ಅನುಭವ ಸಿಗುತ್ತದೆ ಅಂತ ಯಾರಾದರೂ ಸಂಬಳವಿಲ್ಲದೆ ಕರೆದರೆ ಹೋಗಬೇಡ ಅಂದೆ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ನಮ್ಮ ಬೀರುವಿನಲ್ಲಿರಲಿ ಅನ್ನುವ ಕಡೆಗಂತೂ ಕಾಲೇ ಇಡಬೇಡ. ಮಕ್ಕಳ ಥೆರಪಿಗೆ ಅಂತ ಸಾಲ ಮಾಡಿ ಉಯ್ಯಾಲೆ, ಬಣ್ಣದ ಚೆಂಡು ತಂದು ತುಂಬಿಸಬೇಡ. ಮೊದಲು ಒಂದು ಮೇಜು, ಎರಡು ಕುರ್ಚಿ ಸಾಕು. ಮನೆಗೆ ಹೋಗಿ ನೋಡುವುದಾದರೆ ಆಟೋ ಚಾರ್ಜು ಬೇರೆ. ಎಲ್ಲಕ್ಕಿಂತ ಮುಖ್ಯವಾಗಿ, ಪೇಷೆಂಟ್ ಕೈ ಮುಟ್ಟುವ ಮೊದಲೇ ಬಾಯಿಬಿಟ್ಟು ಫೀಸ್ ಹೇಳು. ಹುಡುಗಿ ಎಲ್ಲಕ್ಕೂ ತಲೆಯಾಡಿಸಿದಳು. ಅಷ್ಟು ಚೆನ್ನಾಗಿ ತಲೆಯಾಡಿಸುವವರು ಏನೂ ಕೇಳಿಸಿಕೊಂಡಿರುವುದಿಲ್ಲ ಅಂತ ನನಗೆ ಆಗಲೇ ಗೊತ್ತಾಗಬೇಕಿತ್ತು.

ಅವಳಪ್ಪ ಒಂದು ಮಾತು ಕೊಟ್ಟಿದ್ದರು. ಕೆಳಗೆ ರಸ್ತೆಗೆ ಮುಖ ಮಾಡಿದ ಮಳಿಗೆ ಖಾಲಿ ಇತ್ತು. "ಯುಗಾದಿಗಂಟ ನಿಂಗೆ ಟೈಮು. ಅಷ್ಟ್ರಲ್ಲಿ ಬಾಡಿಗೆ ಕಟ್ಟೋವಷ್ಟು ದುಡಿಯೋ ದಾರಿ ತೋರ್ಸು, ಮಳಿಗೆ ನಿಂದು. ಇಲ್ಲಾಂದ್ರೆ ಬೇಕರಿಯೋನು ಕಾಯ್ತಾವ್ನೆ," ಅಂದಿದ್ದರಂತೆ. ಹುಡುಗಿಗೆ ಆ ಮಳಿಗೆಯ ಮೇಲೆ ಪ್ರಾಣ. ಅದು ಕೈತಪ್ಪಿದರೆ ಮಾರ್ಕ್ಸ್ ಕಾರ್ಡ್ ಒತ್ತೆ ಇಟ್ಟುಕೊಳ್ಳುವಂಥ ಯಾವುದೋ ಸೆಂಟರಿನಲ್ಲಿ ಬಾಂಡ್ ಬರೆದುಕೊಟ್ಟು ಸೇರಬೇಕು. ಅಂಥದ್ದೊಂದು ಆಫರ್ ಆಗಲೇ ಬಂದಿತ್ತು ಕೂಡ.

ಸರಿ, ಪೇಷೆಂಟುಗಳು ಬಂದರು. ಬರದೇ ಏನು? ಊರು ಲೇಔಟ್ ಆಗಿರಬಹುದು, ನೆಂಟಸ್ತಿಕೆ ಎಲ್ಲಿ ಹೋಗುತ್ತದೆ? ಅವಳ ಕತ್ರಿಗುಪ್ಪೆಯ ಅತ್ತೆಗೆ ಭುಜ ಹಿಡಿದುಕೊಂಡಿತ್ತು. ಗಿರಿನಗರದ ಚಿಕ್ಕಮ್ಮನ ಮೊಮ್ಮಗ ಪೆನ್ಸಿಲ್ ಹಿಡಿಯುತ್ತಿರಲಿಲ್ಲ. ಹುಡುಗಿ ಸ್ಕೂಟರ್ ಹತ್ತಿ ದಿನವೂ ಓಡಿದಳು. ಸಂಜೆ ಮೆಟ್ಟಿಲಿನಲ್ಲಿ ಸಿಕ್ಕಾಗ, "ಎಷ್ಟು ಕೊಟ್ರೇ?" ಅಂತ ಕೇಳಿದರೆ ನಾಚಿಕೊಂಡು ಒಂದು ಪ್ಲಾಸ್ಟಿಕ್ ಕವರ್ ತೋರಿಸುತ್ತಿದ್ದಳು. ಒಳಗೆ ಎಲೆ, ಅಡಿಕೆ, ತೆಂಗಿನಕಾಯಿ, ಒಂದು ಬ್ಲೌಸ್ ಪೀಸು. ಎಲ್ಲ ಕಡೆಯೂ ಇದೇ ಕಥೆ. ಕೆಲಸ ಮುಗಿದ ಕೂಡಲೇ ಕುಂಕುಮದ ಬಟ್ಟಲು ಬರುವುದು, "ಮನೆ ಮಗಳನ್ನ ಬರಿಗೈಲಿ ಕಳಿಸ್ತಾರಾ?" ಅನ್ನುವುದು, ಮಡಿಲಿಗೆ ತಾಂಬೂಲ ಹಾಕುವುದು. ಹಣೆಗೆ ಕುಂಕುಮ ಇಡಿಸಿಕೊಂಡ ಮೇಲೆ ಫೀಸ್ ಅನ್ನುವ ಮಾತು ಯಾವ ಬಾಯಿಂದ ಬರಬೇಕು?

ಒಂದು ದಿನ ಗಿಳಿಹಸಿರು ಬಣ್ಣದ ಬ್ಲೌಸ್ ಪೀಸ್ ಹಿಡಿದು ಮೇಲೆ ಬಂದಳು. "ಆಂಟಿ, ಇದು ನಮ್ಮಮ್ಮ ನಮ್ ಗೃಹಪ್ರವೇಶದಲ್ಲಿ ಕೊಟ್ಟಿದ್ದೇ. ಮೂಲೇಲಿ ಅರಿಶಿನದ ಕಲೆ ನೋಡಿ."

"ನೋಡಿದೆ ತಾಯಿ. ಇದನ್ನ ಒಯ್ದು ನಿಮ್ಮಪ್ಪಂಗೆ ಬಾಡಿಗೆ ಅಂತ ಕೊಡು, ತಗೋತಾರಾ ಕೇಳು!"

"ನಮ್ಮೋರ ಹತ್ರ ಹೆಂಗ್ ಕೇಳೋದು ಆಂಟಿ?"

"ನಮ್ಮೋರು ನಿನ್ನ ಕೈಲಿ ಬಿಟ್ಟಿ ಮಾಡಿಸ್ಕೊಳ್ಳೋಕೆ ನಾಚ್ಕೊಂಡ್ರಾ?"

ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅನ್ನುವ ಜನ ನಾವು. ಬೈದೆ, ಬೇಡಿಕೊಂಡೆ. ಕನ್ನಡಿ ಮುಂದೆ ನಿಂತು ಫೀಸ್ ಕೇಳುವುದನ್ನು ಅಭ್ಯಾಸ ಮಾಡು ಅಂದೆ. ಮಾರನೇ ದಿನ ಮತ್ತೆ ತೆಂಗಿನಕಾಯಿ. ಆ ತಿಂಗಳು ಅವರ ಮನೆಯಲ್ಲಿ ಎಷ್ಟು ಚಟ್ನಿ ಅರೆದರೋ ದೇವರಿಗೇ ಗೊತ್ತು.

ಅವಳಪ್ಪನ ಮೇಲೆ ನನಗೆ ಇನ್ನೂ ಹೆಚ್ಚು ಉರಿ. ಹನ್ನೊಂದು ತಿಂಗಳು ತುಂಬಿತೋ ಇಲ್ಲವೋ, ನಮ್ಮ ಬಾಗಿಲು ತಟ್ಟಿ, "ಮೇಡಂ, ಅಗ್ರಿಮೆಂಟು ರಿನ್ಯೂ ಮಾಡ್ಬೇಕಲ್ಲ, ಸ್ವಲ್ಪ ಸೇರ್ಸಿ," ಅಂತ ನಗುನಗುತ್ತ ಬಾಡಿಗೆ ಏರಿಸುವ ಮನುಷ್ಯ ಅವರು. ಒಂದೇ ಒಂದು ಸಲ ನಾಲಿಗೆ ತಡವರಿಸಿಲ್ಲ. ಅದೇ ಮನುಷ್ಯ ಗೇಟಿನ ಹತ್ತಿರ ನಿಂತು ಹೋಗುವವರಿಗೆ ಬರುವವರಿಗೆಲ್ಲ, "ನಮ್ ಹುಡುಗಿ ಫಿಸಿಯೋ ಓದವ್ಳೆ. ಕಾಸಿಲ್ಲ ಏನಿಲ್ಲ, ಕರ್ಕೊಂಡ್ ಬನ್ನಿ," ಅಂತ ದಾನಶೂರ ಕರ್ಣನ ಥರ ಮಾತಾಡುವುದು! ಒಂದು ಸಲ ತಡೆಯಲಾರದೆ ಹೇಳಿದೆ, "ಅದು ಫಿಸಿಯೋ ಅಲ್ಲ, ಆಕ್ಯುಪೇಷನಲ್ ಥೆರಪಿ. ಮತ್ತೆ ಕಾಸು ಬೇಕು."

"ಅಯ್ಯೋ ಬಿಡಿ ಮೇಡಂ, ಎಲ್ಲಾ ಕೈ ನೀವೋದೇ ಅಲ್ವಾ?" ಅಂದರು. ನಾನು ಹಲ್ಲು ಕಚ್ಚಿಕೊಂಡು ಮೆಟ್ಟಿಲು ಹತ್ತಿದೆ.

ಈ ನಡುವೆ ಅವಳ ದೊಡ್ಡಮ್ಮ, ಅಂದರೆ ಓನರ್ ಅಣ್ಣನ ಹೆಂಡತಿ, ಬಾಗಿಲಿಗೆ ನೀರು ಹಾಕುವಾಗ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದರು. ಆ ಮನೆಗೆ ಹಿರಿಯರು ಅವರೇ. ಅವರು ಹಾಕಿದ ಗೆರೆ ಯಾರೂ ದಾಟುವುದಿಲ್ಲ. ಪಿಓಪಿ ಪಟ್ಟಿ ತೆಗೆದ ಮೇಲೆ ಕೈ ಮರದ ಹಾಗೆ ಸೆಟೆದುಕೊಂಡಿತ್ತು. ಆಸ್ಪತ್ರೆಯವರು ಹೇಳಿದ ಫಿಸಿಯೋ ಹುಡುಗನೊಬ್ಬ ಮನೆಗೇ ಬಂದು ಮಣಿಕಟ್ಟು ಅತ್ತಿತ್ತ ತಿರುಗಿಸಿ, ಚೆಂಡು ಹಿಸುಕಿಸಿ ಹೋಗುತ್ತಿದ್ದ. ಕೈ ಸ್ವಲ್ಪ ಸಡಿಲವಾಯಿತು. ಆದರೆ ದೊಡ್ಡಮ್ಮನಿಗೆ ಬೇಕಿದ್ದದ್ದು ಒಂದೇ: ಮುದ್ದೆ ತಿರುವಬೇಕು. ಸೊಸೆ ತಿರುವಿದ ಮುದ್ದೆ ಗಂಟು ಗಂಟು ಅಂತ ಅರ್ಧಕ್ಕೇ ಏಳುತ್ತಿದ್ದರು. ಆ ಹುಡುಗನ ಸರದಿ ಮುಗಿದ ಮೇಲೆ ನಮ್ಮ ಹುಡುಗಿ ದಿನವೂ ಹೋಗತೊಡಗಿದಳು. ಮುದ್ದೆ ಕೋಲಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದಳು. ಪಾತ್ರೆ ಜಾರದಂತೆ ಕೆಳಗೆ ಒದ್ದೆ ಟವೆಲ್ ಹಾಸಿದಳು. ಮೊದಲು ತಣ್ಣನೆಯ ತೆಳು ಹಿಟ್ಟು, ಆಮೇಲೆ ಸ್ವಲ್ಪ ಗಟ್ಟಿ, ಆಮೇಲೆ ಇನ್ನೂ ಗಟ್ಟಿ. ನೋಡಿಕೊಂಡು ಬಂದ ನನಗೆ ಹೊಟ್ಟೆ ತುಂಬಿದಂತಾಯಿತು. ಇದೇ ಅಲ್ಲವೇ ನಮ್ಮ ವಿದ್ಯೆ! "ಫೀಸು?" ಅಂದೆ. "ದೊಡ್ಡಮ್ಮನ ಹತ್ರಾನಾ?" ಅಂದಳು. ಹಣೆ ಚಚ್ಚಿಕೊಂಡೆ.

ಯುಗಾದಿಯ ಹಿಂದಿನ ಭಾನುವಾರ ದೊಡ್ಡಮ್ಮ ತಾವೇ ಮುದ್ದೆ ತಿರುವಿ ಎಲ್ಲರನ್ನೂ ಊಟಕ್ಕೆ ಕರೆದರು. ನನ್ನನ್ನೂ. ಸಂಜೆಗೆ ಬೇಕರಿಯವನು ಅಡ್ವಾನ್ಸ್ ಹಿಡಿದು ಬರುವವನಿದ್ದ. ಹುಡುಗಿಯ ಮುಖ ಸಪ್ಪಗಿತ್ತು. ಬಾಂಡ್ ಕೇಳಿದ್ದ ಆ ಸೆಂಟರಿಗೆ ಕೊಡಬೇಕಾದ ಮಾರ್ಕ್ಸ್ ಕಾರ್ಡ್‌ಗಳು ಆಗಲೇ ಒಂದು ಫೈಲಿನಲ್ಲಿ ಸಿದ್ಧವಾಗಿದ್ದವು. ಮುದ್ದೆ, ಬಸ್ಸಾರು ಬಂತು. ಒಂದೇ ಒಂದು ಗಂಟಿಲ್ಲ, ಬೆಣ್ಣೆಯಂಥ ಮುದ್ದೆ.

ಓನರ್ ಮುದ್ದೆ ಮುರಿಯುತ್ತ, "ಅಲ್ಲಮ್ಮಾ, ಇಷ್ಟ್ ದಿನ ತಿರುಗಿದ್ಯಲ್ಲ, ಒಬ್ರಾದ್ರೂ ಕಾಸು ಕೊಟ್ರಾ? ಇದು ಹೊಟ್ಟೆ ತುಂಬ್ಸೋ ಕೆಲ್ಸ ಅಲ್ಲ ಬಿಡು. ಮಳಿಗೆ ನಾನೇನು ಕೊಡಲ್ಲ ಅಂದ್ನಾ?" ಅಂದರು.

ನನಗೆ ಮೈ ಉರಿದುಹೋಯಿತು. ಕಾಸಿಲ್ಲ ಅಂತ ಬೀದಿಗೆಲ್ಲ ಸಾರಿದವರು ಯಾರು ಸ್ವಾಮಿ? ಬಾಯಿ ತೆರೆದೇಬಿಟ್ಟಿದ್ದೆ. ಅಷ್ಟರಲ್ಲಿ ಹುಡುಗಿ ತಟ್ಟೆ ಸರಿಸಿ, ದೊಡ್ಡಮ್ಮನ ಕಡೆ ತಿರುಗಿ ಅಂದಳು, "ದೊಡ್ಡಮ್ಮಾ, ನನ್ ಫೀಸು."

ಸಾರು ಬಡಿಸುತ್ತಿದ್ದ ಸೌಟು ಅಲ್ಲೇ ನಿಂತಿತು. ಅವಳಮ್ಮ, "ಏಯ್!" ಅಂದರು. ದೊಡ್ಡಮ್ಮ ಮಾತ್ರ ಅವಳನ್ನೇ ನೋಡುತ್ತಿದ್ದರು.

"ಅಲ್ಲ ಕಣೇ, ಮೊದ್ಲೇ ಕೇಳೋಕೇನಾಗಿತ್ತು? ಆ ಚೆಂಡು ಹಿಸುಕ್ಸೋ ಹುಡುಗ ಬಾಗ್ಲಲ್ಲೇ ಇಷ್ಟು ಅಂತ ಹೇಳ್ದ, ಬಂದಾಗೆಲ್ಲ ಕೊಟ್ಟೆ. ನೀನ್ ಕೇಳ್ಲೇ ಇಲ್ಲ. ಅದಕ್ಕೇ ನೀನಿನ್ನೂ ಕಲೀತಾ ಇದ್ದೀಯ, ನನ್ ಕೈ ಮೇಲೆ ಅಭ್ಯಾಸ ಮಾಡ್ತಿದ್ದೀಯ ಅಂದ್ಕೊಂಡಿದ್ದೆ."

ಹುಡುಗಿಯ ಮುಖ ಕೆಂಪಾಯಿತು. ನಾನು ಅಷ್ಟು ದಿನ ಬಡಬಡಿಸಿದ್ದರಲ್ಲಿ ಈ ಒಂದು ಮಾತು ಇರಲಿಲ್ಲ. ಬಿಟ್ಟಿ ಮಾಡಿದರೆ ಒಳ್ಳೆಯವಳು ಅಂತಾರೆ ಎಂದು ಅವಳು ನಂಬಿದ್ದಳು. ಅವರು ಅವಳನ್ನು ಪೂರ್ತಿ ಕಲಿತವಳು ಅಂತಲೇ ಎಣಿಸಿರಲಿಲ್ಲ.

ದೊಡ್ಡಮ್ಮ ಎದ್ದು ಕೈ ತೊಳೆದು ಬೀರು ತೆಗೆದರು. "ಅವನಿಗೆ ಕೊಟ್ಟಷ್ಟೇ ನಿಂಗೂನೂ, ಬಂದಷ್ಟು ದಿನಕ್ಕೂ. ಕತ್ರಿಗುಪ್ಪೆಯೋಳಿಗೂ ಗಿರಿನಗರದೋಳಿಗೂ ನಾನೇ ಫೋನ್ ಮಾಡ್ತೀನಿ. ಬ್ಲೌಸ್ ಪೀಸ್ ಕೊಡ್ತಾರಂತೆ, ಬ್ಲೌಸ್ ಪೀಸು!" ಅಂತ ಗೊಣಗುತ್ತ ಬಲಗೈಯಿಂದಲೇ ದುಡ್ಡು ಅವಳ ಮುಂದಿಟ್ಟರು. ಆಮೇಲೆ ಮೈದುನನ ಕಡೆ ತಿರುಗಿ, "ಮಳಿಗೆ ವಿಷಯ ಏನಪ್ಪಾ?" ಅಂದರು.

ಓನರ್ ಊಟ ಮುಗಿಸಿದರು. ಕೈ ಒರೆಸಿಕೊಂಡು, ಬಾಡಿಗೆಗಿರುವ ನನ್ನನ್ನು ನೋಡುವ ಹಾಗೆಯೇ ಮಗಳನ್ನೂ ನೋಡುತ್ತ ಕೇಳಿದರು, "ಅಡ್ವಾನ್ಸ್ ಎಷ್ಟು ಕೊಡ್ತೀಯ?"

ಎಲ್ಲರೂ ನಕ್ಕರು. ಅವರು ನಗಲಿಲ್ಲ. ಹುಡುಗಿ ನನ್ನ ಮುಖ ನೋಡಿದಳು. ನಾನು ತಟ್ಟೆ ನೋಡಿಕೊಂಡು, ಬಾಯಿಗೆ ಮುದ್ದೆ ಹಾಕಿಕೊಂಡು ಸುಮ್ಮನಿದ್ದೆ. ಎಷ್ಟು ಕಷ್ಟವಾಯಿತು ಅಂತ ನನಗೇ ಗೊತ್ತು.

"ಬಾಗ್ಲಲ್ಲಿ ಮೆಟ್ಟಿಲಿದೆ ಅಪ್ಪ, ವ್ಹೀಲ್‌ಚೇರ್ ಹತ್ತಲ್ಲ. ಮೊದ್ಲು ರಾಂಪ್ ಹಾಕಿಸ್ಕೊಡು. ಆಮೇಲೆ ಅಡ್ವಾನ್ಸ್ ಮಾತು."

"ರಾಂಪು ನಿನ್ ಖರ್ಚು."

"ಅರ್ಧರ್ಧ."

ಅವರು ಜೇಬಿನಿಂದ ಫೋನ್ ತೆಗೆದು ಬೇಕರಿಯವನಿಗೆ ಮಾಡಿದರು. "ಹಲೋ... ಸಂಜೆ ಬರೋದ್ ಬೇಡಪ್ಪ, ಮಳಿಗೆ ಆಗೋಯ್ತು... ಯಾರಿಗಾ? ಒಬ್ರು ಥೆರಪಿಯೋರಿಗೆ ಕೊಟ್ಟೆ. ಇಲ್ಲ ಇಲ್ಲ, ಜಾಸ್ತಿ ಬಾಡಿಗೆ ಏನ್ ಬಂತು... ಪಾರ್ಟಿ ಭಾರಿ ಗಟ್ಟಿ ಕಣಯ್ಯಾ, ಬಗ್ಗಲಿಲ್ಲ."